ಶಾಸನದ ಮುಹೂರ್ತ

(ಸೋಂದೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ನಿನ್ನೆ ಸಾಯಂಕಾಲ ನಾನು ಇಲ್ಲಿ ಬಂದಿಳಿದಾಗ ಕಾರ್ಯದರ್ಶಿಗಳು ಆದರದಿಂದ ಕಾಫಿ ಕೊಟ್ಟು, ಬಳಿಕ ಈ ದತ್ತಿಯ ಮೂಲಪತ್ರವನ್ನು ನನ್ನ ಮುಂದಿರಿಸಿದರು. ವಕೀಲನಾದವನ ಮುಂದೆ ಪತ್ರವನ್ನಿಟ್ಟರೆ ಅವನು ಓದದೆ ಬಿಡುವವನಲ್ಲ. ದಾನಿಗಳು ಠೇವಣಿಯ ಮೊತ್ತ, ಬಡ್ಡಿಯ ವಿನಿಯೋಗ, ಉಪನ್ಯಾಸಕನಿಗೆ ಹೊದಿಸಬೇಕಾದ ಶಾಲು ಇವೆಲ್ಲವನ್ನೂ ಅತ್ಯಂತ ನಿಷ್ಕೃಷ್ಟವಾಗಿ ಬರೆಸಿ, ಉಪನ್ಯಾಸದ ದಿನದ ಮಾತು ಬಂದಾಗ ಮಾತ್ರ ‘ವಿಶ್ವಸ್ತರಿಗೆ ಅನುಕೂಲವಾದ ದಿನ’ ಎಂದು ಮುಗಿಸಿಬಿಟ್ಟಿದ್ದಾರೆ. ಆ ಅನುಕೂಲವು ಹಿಂದಿನ ಎರಡು ವರ್ಷ ಒದಗಿಬರಲಿಲ್ಲವೆಂದೂ, ಆದುದರಿಂದ ಬಾಕಿಯನ್ನೂ ಸೇರಿಸಿ ನಾನು ಸ್ವಲ್ಪ ದೀರ್ಘವಾಗಿಯೇ ಮಾತನಾಡಬಹುದೆಂದೂ ಕಾರ್ಯದರ್ಶಿಗಳು ನಗುತ್ತ ಹೇಳಿದರು. ನನ್ನ ಇಂದಿನ ವಿಷಯವೆಲ್ಲ ಆ ‘ಅನುಕೂಲ’ದಲ್ಲಿಯೇ ಅಡಗಿದ್ದುದರಿಂದ ನನಗೂ ನಗು ಬಂತು.

ಶಾಸನವನ್ನು ಮಾಡುವವರು ಒಬ್ಬರು, ಅದಕ್ಕೆ ಮುಹೂರ್ತವಿಡುವವರು ಇನ್ನೊಬ್ಬರು ಎಂದಾದಾಗ ಆ ಶಾಸನದ ಗತಿ ಏನಾಗುತ್ತದೆ ಎಂಬುದೇ ನಾನು ವಿಚಾರಿಸಹೊರಟಿರುವ ಪ್ರಶ್ನೆ. ಇದನ್ನು ದೂರದ ಯೆರೂಸಲೇಮಿನಿಂದ ಆರಂಭಿಸಿ ನಮ್ಮ ಅಡಿಕೆಯ ತೋಟಗಳಿಗೆ ತರಬೇಕೆಂದಿದ್ದೇನೆ. ದಾರಿ ಸುತ್ತಾಯಿತೆಂದು ತಾವು ಬೇಸರಿಸಬಾರದು.

ಯೆರೂಸಲೇಮಿನ ಕಥೆಯು ಒಂದು ಕಚೇರಿಯ ಸ್ಥಳಾಂತರದ ಕಥೆ; ಆದರೆ ಪೀಠವೊಂದು ಸ್ಥಳಾಂತರಗೊಳ್ಳುವುದೆಂದರೆ ಏನೆಂಬುದನ್ನು ಸೋಂದೆಗೆ ಹೊರಗಿನವರು ಬಂದು ಹೇಳಿಕೊಡಬೇಕಾದುದಿಲ್ಲ. ಸೋದೆ, ಸ್ವಾದಿ, ಸುಧಾಪುರ ಎಂದು ಮೂರು ನಾಲ್ಕು ಹೆಸರುಗಳಿಂದ ಕರೆಯಿಸಿಕೊಂಡ ಈ ಊರು ಒಂದು ಕಾಲದಲ್ಲಿ ಘಟ್ಟದ ಮೇಲೂ ಕೆಳಗೂ ಹರಡಿದ್ದ ರಾಜ್ಯಕ್ಕೆ ರಾಜಧಾನಿಯಾಗಿತ್ತು. ವಾದಿರಾಜರ ಮಠ, ಸ್ವರ್ಣವಲ್ಲಿಯ ಮಠ, ಜೈನ ಮಠ ಇವು ಒಂದರ ಕೂಗಳತೆಯಲ್ಲಿ ಇನ್ನೊಂದು ಎಂಬಂತೆ ಇಲ್ಲಿ ನೆಲೆಗೊಂಡುದು ಆ ಅರಸರ ಆಶ್ರಯದಲ್ಲಿ. 1763ರಲ್ಲಿ ಬಿದನೂರು ಹೈದರನ ವಶವಾದ ಬೆನ್ನಿಗೆ ಅವನ ಸೈನ್ಯ ಇತ್ತ ತಿರುಗಿದಾಗ ಇಲ್ಲಿಯ ಅರಸು ಇಮ್ಮಡಿ ಸದಾಶಿವನು ಪರಿವಾರದೊಂದಿಗೆ ಘಟ್ಟವಿಳಿದು ಪೋರ್ತುಗೀಜರ ಗೋವೆಯನ್ನು ಸೇರಿದನು. ಫೋಂಡಾ, ಕೇಪೆ, ಕಾಣಕೋಣದ ಸೀಮೆಗಳು ಕ್ರಮೇಣ ಪರಂಗಿಯವರ ‘ಹೊಸ ಗೆಲವು’ಗಳ ಪಟ್ಟಿಗೆ ಸೇರಿದವು. ಆ ಸ್ಥಳಾಂತರಕ್ಕೆ ವಿಧೇಯಕವಿರಲಿಲ್ಲ, ಗಡುವಿರಲಿಲ್ಲ, ವಿನಾಯಿತಿಯಿರಲಿಲ್ಲ. ಅರಮನೆಯಿದ್ದಲ್ಲಿ ಕೋಟೆಯ ಕಲ್ಲುಗಳೂ ಕಾಡೂ ಉಳಿದವು. ಕತ್ತಿಯು ಮುಹೂರ್ತವಿಡುವಾಗ ಪಂಚಾಂಗ ನೋಡುವವರು ಯಾರು? ನಾವು ನೋಡಬೇಕಾದುದು ಕತ್ತಿಯ ಕಾಲ ಕಳೆದು ಕಾಗದದ ಕಾಲ ಬಂದ ಮೇಲಿನ ಸಂಗತಿಯನ್ನು.

ಅಮೆರಿಕದ ಶಾಸನಸಭೆಯ ಎರಡು ಮನೆಗಳೂ 1995ರ ಅಕ್ಟೋಬರ್ 24ರಂದು ಒಂದು ವಿಧೇಯಕವನ್ನು ಅಂಗೀಕರಿಸಿದವು: ಮೇಲ್ಮನೆಯಲ್ಲಿ ಪರವಾಗಿ 93 ಮತ, ವಿರುದ್ಧ 5, ಕೆಳಮನೆಯಲ್ಲಿ 374ಕ್ಕೆ 37. ಇಸ್ರೇಲಿನಲ್ಲಿರುವ ತಮ್ಮ ರಾಯಭಾರ ಕಚೇರಿಯನ್ನು ತೆಲ್ ಅವೀವಿನಿಂದ ಯೆರೂಸಲೇಮಿಗೆ ಒಯ್ಯತಕ್ಕದ್ದೆಂದೂ, ಅದು 1999ರ ಮೇ 31ರ ಒಳಗೆ ಅಲ್ಲಿ ತೆರೆಯತಕ್ಕದ್ದೆಂದೂ ಆ ಶಾಸನ ವಿಧಿಸಿತು. ಬರಿಯ ಆಶಯವನ್ನು ಬರೆದಿಟ್ಟರೆ ಕಾರ್ಯಾಂಗದವರು ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವರೆಂಬ ಅನುಭವ ಶಾಸಕರಿಗೆ ಇದ್ದೇ ಇತ್ತು. ಆದುದರಿಂದ ಅವರು ಶಾಸನದ ಬಾಲಕ್ಕೆ ಒಂದು ಮುಳ್ಳನ್ನು ಕಟ್ಟಿದರು: ಕಚೇರಿಯು ತೆರೆಯಿತೆಂದು ವಿದೇಶಾಂಗ ಕಾರ್ಯದರ್ಶಿಯು ತಿಳಿಸುವವರೆಗೆ, ಪರದೇಶಗಳಲ್ಲಿ ಕಟ್ಟಡಗಳನ್ನು ಕೊಳ್ಳಲು, ಕಾಪಾಡಲು ಆ ಇಲಾಖೆಗೆ ಮಂಜೂರಾದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಖರ್ಚು ಮಾಡುವಂತಿಲ್ಲ. ಮುಳ್ಳನ್ನು ಕಟ್ಟಿದ ಕೈಯೇ ಅದನ್ನು ಬಿಚ್ಚುವ ಉಪಾಯವನ್ನೂ ಏಳನೆಯ ಕಲಮಿನಲ್ಲಿ ಒದಗಿಸಿತು. ರಾಷ್ಟ್ರದ ಭದ್ರತೆಯ ಹಿತಕ್ಕೆ ಅವಶ್ಯವೆಂದು ಅಧ್ಯಕ್ಷನು ನಿರ್ಧರಿಸಿ, ಮುಂಚಿತವಾಗಿ ಶಾಸನಸಭೆಗೆ ವರದಿ ಮಾಡಿದರೆ, ಈ ನಿರ್ಬಂಧವನ್ನು ಆರು ತಿಂಗಳ ಕಾಲ ಅಮಾನತಿನಲ್ಲಿಡಬಹುದು. ಆರು ತಿಂಗಳು ಕಳೆದ ಮೇಲೆ ಅದೇ ಕ್ರಮದಿಂದ ಇನ್ನಾರು ತಿಂಗಳು.

ಅಂದಿನ ಅಧ್ಯಕ್ಷ ಕ್ಲಿಂಟನ್ ವಿಧೇಯಕಕ್ಕೆ ಅಂಕಿತವನ್ನೂ ಹಾಕಲಿಲ್ಲ, ಅದನ್ನು ತಿರಸ್ಕರಿಸಲೂ ಇಲ್ಲ. ಅವರ ಸಂವಿಧಾನದಲ್ಲಿರುವ ದಿನಗಳ ಲೆಕ್ಕ ತುಂಬಿ ಅದು ನವೆಂಬರ್ 8ರಂದು ತಾನಾಗಿ ಶಾಸನವಾಯಿತು. ಮನೆಗೆ ಬಂದ ಬೀಗರನ್ನು ಬನ್ನಿ ಎನ್ನದೆ, ಹೋಗಿ ಎಂದೂ ಹೇಳದೆ, ಜಗಲಿಯ ಮೇಲೆ ಕೂತು ಕವಳ ಮೆಲ್ಲುತ್ತಿರುವ ಯಜಮಾನನ ರೀತಿ ಇದು. 1999ರ ಗಡುವು ಬಂದಾಗ ಅವರು ಮೊದಲ ವಿನಾಯಿತಿಗೆ ಸಹಿ ಹಾಕಿದರು. ಕಚೇರಿಯನ್ನು ಒಯ್ಯುವೆನೆಂದು ಚುನಾವಣೆಯಲ್ಲಿ ಮಾತು ಕೊಟ್ಟಿದ್ದ ಬುಷ್ ಎಂಟು ವರ್ಷವೂ ಸಹಿ ಹಾಕಿದರು, ಒಬಾಮ ಎಂಟು ವರ್ಷವೂ ಸಹಿ ಹಾಕಿದರು. ಟ್ರಂಪ್ ಅವರೂ 2017ರ ಜೂನ್ 1ರಂದು ಸಹಿ ಹಾಕಿದರು. ಅದೇ ವರ್ಷ ಡಿಸೆಂಬರ್ 6ರಂದು ಯೆರೂಸಲೇಮನ್ನು ಇಸ್ರೇಲಿನ ರಾಜಧಾನಿಯೆಂದು ಮಾನ್ಯ ಮಾಡಿ, ಕಚೇರಿಯನ್ನು ಒಯ್ಯುವ ಆಜ್ಞೆ ಕೊಟ್ಟ ದಿನವೇ, ಕಟ್ಟಡದ ಹಣ ನಿಂತುಹೋಗಬಾರದೆಂದು ಅವರು ವಿನಾಯಿತಿಗೆ ಇನ್ನೊಮ್ಮೆ ಸಹಿ ಮಾಡಬೇಕಾಯಿತೆಂಬ ವಿನೋದವನ್ನು ಪ್ರಹಸನಕಾರನೂ ಕಲ್ಪಿಸಲಾರನು. 2018ರ ಮೇ 14ರಂದು ಕಚೇರಿ ಯೆರೂಸಲೇಮಿನ ಅರ್ನೋನಾ ಬಡಾವಣೆಯಲ್ಲಿ ತೆರೆಯಿತು. ಶಾಸನವಿಟ್ಟ ಗಡುವಿಗೂ ಬಾಗಿಲು ತೆರೆದ ದಿನಕ್ಕೂ ನಡುವೆ ಹತ್ತೊಂಬತ್ತು ವರ್ಷಕ್ಕೆ ಕೆಲವೇ ದಿನ ಕಡಿಮೆ.

ಕಚೇರಿ ಅಲ್ಲಿಗೆ ಹೋಗಬೇಕಾಗಿತ್ತೇ ಬೇಡವೇ ಎಂಬುದರಲ್ಲಿ ನಾನು ಇಂದು ಪಕ್ಷ ವಹಿಸಲೊಲ್ಲೆ. ಮೂರು ಧರ್ಮದವರು ತಮ್ಮದೆನ್ನುವ ನಗರ ಅದು. 1980ರಲ್ಲಿ ಇಸ್ರೇಲು ಆ ನಗರವನ್ನು ಅಖಂಡ ರಾಜಧಾನಿಯೆಂದು ಶಾಸನ ಮಾಡಿದಾಗ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ತನ್ನ 478ನೆಯ ನಿರ್ಣಯದಿಂದ ಅಲ್ಲಿಯ ರಾಯಭಾರಗಳನ್ನು ಹಿಂದೆಗೆಯುವಂತೆ ರಾಷ್ಟ್ರಗಳಿಗೆ ಹೇಳಿತ್ತು. ನಮ್ಮ ದೇಶವೂ 1992ರಲ್ಲಿ ಪೂರ್ಣ ರಾಯಭಾರ ಸಂಬಂಧವನ್ನು ಬೆಳೆಸಿದಾಗ ಕಚೇರಿಯನ್ನು ತೆರೆದುದು ತೆಲ್ ಅವೀವಿನಲ್ಲಿ. ನನ್ನ ಕುತೂಹಲವಿರುವುದು ಆ ಸಹಿಯಲ್ಲಿ. ಆರು ತಿಂಗಳಿಗೊಮ್ಮೆ ಒಬ್ಬ ಅಧಿಪತಿಯು ಮೇಜಿನ ಮುಂದೆ ಕುಳಿತು, ‘ನಾನು ಇದನ್ನು ಮುಂದೂಡುತ್ತಿದ್ದೇನೆ’ ಎಂದು ತನ್ನ ಹೆಸರಿನಲ್ಲಿ ಬರೆದುಕೊಡಬೇಕಾಗಿತ್ತು. ಅದರ ಬೆಲೆ ನಮಗೆ ತಿಳಿಯಬೇಕಾದರೆ ನಮ್ಮ ಜಿಲ್ಲೆಯ ಒಂದು ಹಳೆಯ ತಾರೀಖನ್ನು ನೆನೆಯಬೇಕು.

ಉತ್ತರ ಕನ್ನಡವು 1956ರ ಅಕ್ಟೋಬರ್ ಮುಗಿಯುವವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಗೇಣಿದಾರರ ಸಂಬಂಧದ ಕಾಯಿದೆಯೂ ಮುಂಬಯಿಯದೇ: 1948ರ ಗೇಣಿ ಮತ್ತು ಕೃಷಿ ಜಮೀನುಗಳ ಅಧಿನಿಯಮ. ಕಾನೂನು ಮುಂಬಯಿಯಿಂದ ಬಂದರೂ ಅದನ್ನು ಕೇಳುವ ಬಾಯಿ ಇಲ್ಲಿಯದೇ ಆಗಿತ್ತೆಂಬುದನ್ನು ಮರೆಯಬಾರದು. ಘಟ್ಟದ ಕೆಳಗೆ ಅಂಕೋಲೆಯ ಸೀಮೆಯಲ್ಲಿ ರೈತಕೂಟವನ್ನು ಕಟ್ಟಿ, ಅದೇ ಅಪರಾಧಕ್ಕಾಗಿ ಜಿಲ್ಲೆಯಿಂದ ಗಡಿಪಾರಾದ ದಿನಕರ ದೇಸಾಯಿಯವರನ್ನು ಚುಟುಕಗಳಿಂದ ಮಾತ್ರ ಬಲ್ಲವರು ಅವರನ್ನು ಅರ್ಧ ಮಾತ್ರ ಬಲ್ಲರು. ಸಿದ್ದಾಪುರದ ನೆರೆಯ ಸಾಗರ ಸೀಮೆಯಲ್ಲಿ, ಎಂದರೆ ಅಂದಿನ ಮೈಸೂರಿನ ನೆಲದಲ್ಲಿ, ಕಾಗೋಡಿನ ಗೇಣಿದಾರರು 1951ರಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ಸತ್ಯಾಗ್ರಹ ಹೂಡಿದುದೂ, ರಾಮಮನೋಹರ ಲೋಹಿಯಾ ಅವರು ಅಲ್ಲಿಗೆ ಬಂದು ಬಂಧಿತರಾದುದೂ ತಮ್ಮಲ್ಲಿ ಹಿರಿಯರಿಗೆ ತಿಳಿದ ಸಂಗತಿ. ಈ ಒತ್ತಡಗಳ ಕಾಲದಲ್ಲಿ ಮುಂಬಯಿ ಸರಕಾರವು 1956ರಲ್ಲಿ ತನ್ನ ಕಾಯಿದೆಯನ್ನು ತಿದ್ದಿತು. ಆ ತಿದ್ದುಪಡಿಯಲ್ಲಿ ಒಂದು ತಾರೀಖಿತ್ತು: 1957ರ ಏಪ್ರಿಲ್ 1. ಅಂದು, ಸಾಗುವಳಿ ಮಾಡುತ್ತಿರುವ ಗೇಣಿದಾರನು ಕಾಯಿದೆಯ ಷರತ್ತುಗಳಿಗೊಳಪಟ್ಟು ತನ್ನ ಜಮೀನನ್ನು ಕೊಂಡವನೆಂದೇ ಭಾವಿಸಲ್ಪಡತಕ್ಕದ್ದು. ಬೆಲೆಯು ಭೂಕಂದಾಯದ ಇಪ್ಪತ್ತು ಪಟ್ಟಿನಿಂದ ಇನ್ನೂರು ಪಟ್ಟಿನೊಳಗೆ ಗೊತ್ತಾಗಿ ಕಂತಿನಲ್ಲಿ ಸಲ್ಲತಕ್ಕದ್ದು. ಉಳುವವನ ದಿನವೆಂದು ಅದಕ್ಕೆ ಹೆಸರಾಯಿತು. ಸರಕಾರದ ಅನುಕೂಲಕ್ಕೆ ಬಿಡದೆ ಶಾಸನವೇ ತಾರೀಖನ್ನು ತನ್ನ ಕೈಯಲ್ಲಿಟ್ಟುಕೊಂಡಿದ್ದ ಅಪರೂಪದ ಸಂದರ್ಭವದು.

ತಿದ್ದುಪಡಿ 1956ರ ಆಗಸ್ಟ್ 1ರಂದು ಜಾರಿಗೆ ಬಂತು. ಸರಿಯಾಗಿ ಮೂರು ತಿಂಗಳಿಗೆ, ನವೆಂಬರ್ 1ರಂದು, ನಾವು ಮೈಸೂರಿಗೆ ಬಂದೆವು. ಏಕೀಕರಣದ ಆ ದಿನ ನಾನು ಕನ್ನಡ ಶಾಲೆಯ ಹುಡುಗ. ಮಾಸ್ತರರು ಹಂಚಿದ ಸಕ್ಕರೆಯ ರುಚಿ ಇನ್ನೂ ನಾಲಗೆಯಲ್ಲಿದೆ. ನಾಡು ಒಂದಾದ ಆ ಸಂಭ್ರಮದಲ್ಲಿ, ಇನ್ನೈದು ತಿಂಗಳಿಗೆ ಬರಬೇಕಾಗಿದ್ದ ಒಂದು ತಾರೀಖು ದಾರಿಯಲ್ಲಿ ಕಳೆದುಹೋಗುವುದೆಂದು ಸಕ್ಕರೆ ತಿಂದವರಾರಿಗೂ ಹೊಳೆದಿರಲಿಲ್ಲ. ಹೊಸ ರಾಜ್ಯದಲ್ಲಿ ಮುಂಬಯಿ, ಹೈದರಾಬಾದು, ಮದರಾಸು, ಕೊಡಗು, ಹಳೆಯ ಮೈಸೂರು ಹೀಗೆ ಐದು ಕಡೆಯ ಐದು ಬಗೆಯ ಗೇಣಿಯ ಕಾಯಿದೆಗಳು ಒಟ್ಟಿಗೆ ಬಂದು ಕೂತಿದ್ದವು. ಎಲ್ಲವನ್ನೂ ಕೂಡಿಸಿ ಏಕರೂಪದ ಶಾಸನ ಮಾಡುವವರೆಗೆ ಯಾವ ಭಾಗದಲ್ಲಿಯೂ ಬದಲಾವಣೆ ಬೇಡವೆಂಬ ವಾದ ಹುಟ್ಟಿತು. 1957ರಲ್ಲಿ ಮೈಸೂರಿನ ಶಾಸಕಾಂಗವು ಮುಂಬಯಿ ಕಾಯಿದೆಯಲ್ಲಿ ಒಡೆತನವನ್ನು ವರ್ಗಾಯಿಸುವ ಕಲಮುಗಳನ್ನು ನಮ್ಮ ಭಾಗದ ಮಟ್ಟಿಗೆ ಅಮಾನತಿನಲ್ಲಿಟ್ಟಿತು. ಏಪ್ರಿಲ್ 1ರಂದು ಕೊಲ್ಹಾಪುರದ ಗೇಣಿದಾರನು ಕಾಯಿದೆಯ ಕಣ್ಣಿನಲ್ಲಿ ಒಡೆಯನಾದನು. ಶಿರಸಿಯ ಗೇಣಿದಾರನು ಎಂದಿನಂತೆ ಗೇಣಿಯ ಅಡಿಕೆಯನ್ನು ಒಡೆಯರ ಮನೆಗೆ ಹೊತ್ತನು.

ಇಲ್ಲಿಯವರೆಗಿನ ಮುಂದೂಡಿಕೆಯಲ್ಲಿ ಒಂದು ನೇರತನವಿತ್ತೆಂದು ನಾನು ಒಪ್ಪುತ್ತೇನೆ. ಶಾಸನವು ಇಟ್ಟ ತಾರೀಖನ್ನು ಶಾಸನವೇ ತೆಗೆಯಿತು. ಯಾರು ತೆಗೆದರೆಂದು ಕೇಳಿದರೆ ಹೆಸರು ಹೇಳಿ ತೋರಿಸಬಹುದಾಗಿತ್ತು. ಮುಂದಿನ ಅಧ್ಯಾಯ ಅಷ್ಟು ನಿಚ್ಚಳವಲ್ಲ. ಬಿ. ಡಿ. ಜತ್ತಿಯವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿ ವಿಚಾರಣೆ ನಡೆಸಿ ವರದಿ ಕೊಟ್ಟಿತು, ವಿಧೇಯಕ ಬಂದಿತು, ಪರಿಶೀಲನೆಗೆ ಹೋಗಿ ಮರಳಿತು, 1961ರಲ್ಲಿ ಅಂಗೀಕಾರವಾಯಿತು, 1962ರ ಮಾರ್ಚ್ 5ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದು ಮೈಸೂರು ಭೂಸುಧಾರಣಾ ಅಧಿನಿಯಮವೆನಿಸಿತು. ಅದರ ಮೊದಲನೆಯ ಕಲಮಿನಲ್ಲಿಯೇ, ಹೆಸರು ಮತ್ತು ವ್ಯಾಪ್ತಿಯನ್ನು ಹೇಳಿದ ಮೇಲೆ, ನಮ್ಮ ದೇಶದ ಅಸಂಖ್ಯಾತ ಶಾಸನಗಳಲ್ಲಿ ಕಾಣುವ, ಓದುವವರು ಓದದೆ ದಾಟಿಹೋಗುವ ಆ ಒಂದು ಸಾಲಿನ ಮಾತು ಬಂದಿದೆ: ರಾಜ್ಯ ಸರಕಾರವು ಅಧಿಸೂಚನೆಯ ಮೂಲಕ ಗೊತ್ತುಪಡಿಸುವ ದಿನಾಂಕದಂದು ಇದು ಜಾರಿಗೆ ಬರತಕ್ಕದ್ದು. ಮೂಲಪತ್ರದ ‘ಅನುಕೂಲವಾದ ದಿನ’ ತಮಗೆ ನೆನಪಿರಬಹುದು. ಆ ದಿನಾಂಕ ಗೊತ್ತಾಗಲು ಮೂರೂವರೆ ವರ್ಷ ಹಿಡಿಯಿತು. 1965ರ ಅಕ್ಟೋಬರ್ 2ರಂದು, ಗಾಂಧೀಜಯಂತಿಯನ್ನು ನೋಡಿಕೊಂಡು, ಶಾಸನಕ್ಕೆ ಜೀವ ಕೊಟ್ಟರು.

ಕಾಯುವುದಕ್ಕೆ ಕಾರಣವೇ ಇರಲಿಲ್ಲವೆಂದರೆ ಅದು ಅನ್ಯಾಯದ ಮಾತಾದೀತು. 1961ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕರಿಂಬಿಲ್ ಕುಂಞಿಕೋಮನ್ ಎಂಬವರ ಮೊಕದ್ದಮೆಯಲ್ಲಿ ಕೇರಳದ ಭೂಸುಧಾರಣೆಯ ಕಾಯಿದೆಯನ್ನು ಹೊಸದುರ್ಗ, ಕಾಸರಗೋಡು ತಾಲೂಕುಗಳ ರೈತವಾರಿ ಜಮೀನುಗಳ ಮಟ್ಟಿಗೆ ಹೊಡೆದುಹಾಕಿತ್ತು. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ, ನಮ್ಮ ನುಡಿಯ ಬಾಂಧವರ ನೆಲವದು. ಆ ತೀರ್ಪಿನ ಒಂದು ಅಂಶ ಈ ಸಭೆಗೆ ವಿಶೇಷವಾಗಿ ರುಚಿಸಬಹುದು: ಚಹ, ಕಾಫಿ, ರಬ್ಬರಿನ ತೋಟಗಳಿಗೆ ರಿಯಾಯಿತಿ ಕೊಟ್ಟು ಅಡಿಕೆ ಮತ್ತು ಮೆಣಸಿನ ತೋಟಗಳನ್ನು ಹೊರಗಿಟ್ಟದ್ದು ತಾರತಮ್ಯವೆಂದು ನ್ಯಾಯಾಲಯ ಹೇಳಿತು. ಅಡಿಕೆಯ ಮರಕ್ಕೆ ದೇಶದ ಪರಮೋಚ್ಚ ಪೀಠದಲ್ಲಿ ಅಷ್ಟು ಗೌರವ ಸಂದುದು ಅಪರೂಪವೇ ಸರಿ. ಈ ತೀರ್ಪಿನ ಮುಂದೆ ಎಲ್ಲ ರಾಜ್ಯಗಳ ಭೂಶಾಸನಗಳೂ ನಡುಗಿದವು. 1964ರಲ್ಲಿ ಸಂವಿಧಾನಕ್ಕೆ ಹದಿನೇಳನೆಯ ತಿದ್ದುಪಡಿಯಾಗಿ, ಮೈಸೂರಿನ ಶಾಸನವೂ ಒಂಬತ್ತನೆಯ ಅನುಸೂಚಿಯ ಆಸರೆಗೆ ಸೇರಿತು. ಹೊಳೆ ತುಂಬಿ ಹರಿಯುವಾಗ ದೋಣಿಯನ್ನು ಬಿಡಲಿಲ್ಲವೆಂದು ಅಂಬಿಗನನ್ನು ಬಯ್ಯುವಂತಿಲ್ಲ. ಆದರೆ ಹೊಳೆ ತುಂಬಿದೆಯೆಂದು ಅಂಬಿಗನು ದಡದಲ್ಲಿದ್ದವರಿಗೆ ಹೇಳಬೇಕೇ ಬೇಡವೇ? ಗೇಣಿದಾರನು ಹೊತ್ತು ಗೊತ್ತಿಲ್ಲದೆ ದಡದಲ್ಲಿ ಕುಳಿತೇ ಇದ್ದನು. ‘ಇನ್ನಾರು ತಿಂಗಳು ಮುಂದೂಡಿದ್ದೇವೆ, ಕಾರಣವಿಂಥದು’ ಎಂದು ಸಹಿ ಹಾಕಿ ಹೇಳಬೇಕಾದ ಹೊಣೆ ಆ ಶಾಸನದಲ್ಲಿ ಯಾರ ಮೇಲೂ ಇರಲಿಲ್ಲ.

ಅಡಿಕೆಯ ಸೀಮೆಯಲ್ಲಿ ಕಾಯುವುದೆಂದರೆ ಏನೆಂಬುದನ್ನು ಬಯಲುಸೀಮೆಯವರಿಗೆ ವಿವರಿಸುವುದು ಕಷ್ಟ. ಜೋಳದ ಹೊಲದ ಗೇಣಿದಾರನಿಗೆ ಅನಿಶ್ಚಯವು ಒಂದು ಬೆಳೆಯದು. ತೋಟದವನಿಗೆ ಅದು ಮುಕ್ಕಾಲು ಆಯುಷ್ಯದ್ದು. ಇಂದು ನೆಟ್ಟ ಅಡಿಕೆಯ ಸಸಿ ಸಿಂಗಾರ ಬಿಟ್ಟು ಕೊನೆ ತೂಗಲು ಏಳೆಂಟು ವರ್ಷ. ಬಿದ್ದ ಮರದ ಎಡೆಯಲ್ಲಿ ಸಸಿ ನೆಡುವುದು, ಕಾದಿಗೆ ಬಿಡಿಸುವುದು, ಹೊಸಮಣ್ಣು ಹಾಕುವುದು, ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬಿಟ್ಟ ಸೊಪ್ಪಿನ ಬೆಟ್ಟವನ್ನು ಬೋಳಾಗದಂತೆ ಕಾಯುವುದು ಇವೆಲ್ಲ ಏಳೆಂಟು ವರ್ಷದ ಮೇಲೆ ಈ ಮರದ ಕೊನೆಯನ್ನು ಯಾರು ಇಳಿಸುತ್ತಾರೆಂಬ ಭರವಸೆಯ ಮೇಲೆ ನಿಂತ ಕೆಲಸಗಳು. ನಾಳೆ ಕಾಯಿದೆ ಬಂದರೆ ತೋಟ ಕೈತಪ್ಪುವುದೆಂಬ ಹೆದರಿಕೆಯಿಂದ ಒಡೆಯನು ದುಡ್ಡು ಹಾಕಲೊಲ್ಲನು. ನಾಳೆ ಕಾಯಿದೆ ಬರುವ ಮುಂಚೆ ಒಡೆಯನು ಬಿಡಿಸಿಯಾನೆಂಬ ಹೆದರಿಕೆಯಿಂದ ಗೇಣಿದಾರನು ಮೈ ಮುರಿಯಲೊಲ್ಲನು. ಆ ವರ್ಷಗಳಲ್ಲಿ ಹಲ್ಲುದುರಿದ ಬಾಯಿಯಂತೆ ನಡುನಡುವೆ ಬರಿದಾಗಿ ನಿಂತಿದ್ದ ತೋಟಗಳನ್ನು ನಾನು ಕಂಡಿದ್ದೇನೆ. ಅಷ್ಟೇ ಅಲ್ಲ, ಕಾಯುವಿಕೆಯ ಈ ಅವಧಿಯಲ್ಲಿಯೇ ‘ಸ್ವಖುಷಿಯಿಂದ ಜಮೀನನ್ನು ಬಿಟ್ಟುಕೊಟ್ಟಿರುತ್ತೇನೆ’ ಎಂಬ ಪತ್ರಗಳಿಗೆ ಎಷ್ಟೋ ಹೆಬ್ಬೆಟ್ಟುಗಳು ಬಿದ್ದವು. ಕಾಯಿದೆ ಬಂದಾಗ ಅದು ಕಾಪಾಡಬೇಕಾದ ಮನುಷ್ಯ ಪಹಣಿಯಲ್ಲಿರಲಿಲ್ಲ.

ಒಡೆಯರೆಲ್ಲ ಉಪ್ಪರಿಗೆಯ ಮೇಲೆ ಕೂತವರೆಂದು ಚಿತ್ರಿಸುವುದೂ ಈ ಸೀಮೆಗೆ ಒಪ್ಪುವುದಿಲ್ಲ. ಗಂಡ ಸತ್ತ ಮೇಲೆ ಅರ್ಧ ಎಕರೆ ತೋಟವನ್ನು ಗೇಣಿಗೆ ಕೊಟ್ಟು, ಬಂದ ಮೂರು ಮಣ ಚಾಲಿಯಲ್ಲಿ ಮಕ್ಕಳನ್ನು ಓದಿಸುತ್ತಿದ್ದ ಅಮ್ಮಂದಿರು ಇಲ್ಲಿ ಪ್ರತಿ ಊರಿನಲ್ಲಿದ್ದರು. ಮಠ, ದೇವಸ್ಥಾನಗಳ ದೀಪ ಉರಿಯುತ್ತಿದ್ದುದೂ ಗೇಣಿಯ ಎಣ್ಣೆಯಿಂದಲೇ. ಅವರಿಗೆ ಪ್ರತಿಯೊಂದು ವರ್ಷದ ವಿಳಂಬವೂ ದೇವರು ಕೊಟ್ಟ ವರವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ವರವೂ ಗೊತ್ತಿರದ ಅವಧಿಯ ವರ. 1965ರಲ್ಲಿ ಜಾರಿಗೆ ಬಂದ ಕಾಯಿದೆಯು ಒಡೆಯನಿಗೆ ಸ್ವಂತ ಸಾಗುವಳಿಗಾಗಿ ಜಮೀನಿನ ಭಾಗವೊಂದನ್ನು ಮರಳಿ ಪಡೆಯುವ ಹಾದಿಯನ್ನು ತೆರೆದಿಟ್ಟಿತ್ತು. ದೇವರಾಜ ಅರಸರ ಸರಕಾರದ ತಿದ್ದುಪಡಿಯು ಆ ಹಾದಿಯನ್ನು ಮುಚ್ಚಿ, 1974ರ ಮಾರ್ಚ್ 1ರಂದು ಗೇಣಿಯ ಜಮೀನೆಲ್ಲವೂ ಸರಕಾರದಲ್ಲಿ ನಿಹಿತವಾಗತಕ್ಕದ್ದೆಂದು ವಿಧಿಸಿತು. 1957ರ ಏಪ್ರಿಲ್ 1ರಿಂದ 1974ರ ಮಾರ್ಚ್ 1: ಹದಿನೇಳು ವರ್ಷಕ್ಕೆ ಒಂದು ತಿಂಗಳು ಕಡಿಮೆ. ಯೆರೂಸಲೇಮಿನ ಕಚೇರಿಗಿಂತ ನಮ್ಮ ಗೇಣಿದಾರನು ಎರಡು ವರ್ಷದಷ್ಟು ಬೇಗ ಮುಟ್ಟಿದನೆನ್ನಬೇಕು.

ಇದು ಮುಗಿದುಹೋದ ಕಾಲದ ಮಾತೆಂದು ಯಾರಾದರೂ ಭಾವಿಸಿದರೆ, ಅವರು ಸಂವಿಧಾನದ ನಲವತ್ತನಾಲ್ಕನೆಯ ತಿದ್ದುಪಡಿಯನ್ನು ತೆರೆದು ನೋಡಬೇಕು. ತುರ್ತುಪರಿಸ್ಥಿತಿಯ ಕಹಿಯನ್ನುಂಡ ಸಂಸತ್ತು 1978ರಲ್ಲಿ ಮಾಡಿದ ಆ ತಿದ್ದುಪಡಿಯ ಮೂರನೆಯ ಕಲಮು, ವಿಚಾರಣೆಯಿಲ್ಲದೆ ಬಂಧನದಲ್ಲಿಟ್ಟವನನ್ನು ಸಲಹಾ ಮಂಡಳಿಯ ಅಭಿಪ್ರಾಯವಿಲ್ಲದೆ ಮೂರು ತಿಂಗಳು ಇಡಬಹುದಾಗಿದ್ದುದನ್ನು ಎರಡು ತಿಂಗಳಿಗೆ ಇಳಿಸಿತು. ಕೇಂದ್ರ ಸರಕಾರವು ಗೊತ್ತುಪಡಿಸುವ ದಿನದಂದು ಜಾರಿಗೆ ಬರತಕ್ಕದ್ದೆಂಬ ಅದೇ ಸಾಲು ಅಲ್ಲಿಯೂ ಇತ್ತು. ಇತರ ಕಲಮುಗಳಿಗೆ ದಿನ ಬಂತು. ಮೂರನೆಯದಕ್ಕೆ ಬರಲೇ ಇಲ್ಲ. ಎ. ಕೆ. ರಾಯ್ ಅವರು ಈ ದೂರನ್ನೊಯ್ದಾಗ ಸರ್ವೋಚ್ಚ ನ್ಯಾಯಾಲಯದ ಬಹುಮತದ ಪೀಠವು 1981ರ ಡಿಸೆಂಬರಿನಲ್ಲಿ, ದಿನವನ್ನು ಗೊತ್ತುಪಡಿಸೆಂದು ಸರಕಾರಕ್ಕೆ ಆಜ್ಞೆ ಮಾಡಲು ತನಗೆ ಬಾರದೆಂದಿತು. ಸಂಸತ್ತು ಕಾರ್ಯಾಂಗದ ಕೈಗೆ ಕೊಟ್ಟುದನ್ನು ಸಂಸತ್ತೇ ಮರಳಿ ಪಡೆಯಬೇಕು. ಸಂವಿಧಾನದ ಒಂದು ಅಂಗವೇ ಅಧಿಸೂಚನೆಯೊಂದರ ದಾರಿ ಕಾಯುತ್ತ ಕೂತಿರುವುದು ನನ್ನ ಮನಸ್ಸಿಗೆ ಇಂದಿಗೂ ಒಗ್ಗದ ಸಂಗತಿ. 1995ರ ಆಗಸ್ಟಿನಲ್ಲಿ ಅಂಕಿತ ಪಡೆದ ದೆಹಲಿಯ ಬಾಡಿಗೆ ಅಧಿನಿಯಮದ್ದೂ ಇದೇ ಹಣೆಬರಹ. ಅಂಗಡಿಕಾರರ ಗಲಾಟೆಗೆ ಹೆದರಿ ಅದಕ್ಕೆ ದಿನವನ್ನೇ ಇಡಲಿಲ್ಲ. ಆಂಗ್ಲರ ದೇಶದಲ್ಲಿ ಈಸ್ಟರ್ ಹಬ್ಬಕ್ಕೆ ಖಾಯಂ ಭಾನುವಾರವನ್ನು ಗೊತ್ತುಮಾಡುವ 1928ರ ಶಾಸನವೊಂದು ಈವರೆಗೆ ಜಾರಿ ಕಂಡಿಲ್ಲ. ಹಬ್ಬದ ತಾರೀಖು ಇಡುವ ಕಾಯಿದೆಗೇ ತಾರೀಖಿಲ್ಲವೆಂಬುದನ್ನು ನಮ್ಮ ಪಂಚಾಂಗದವರು ಕೇಳಿ ಸಮಾಧಾನ ಪಟ್ಟುಕೊಳ್ಳಬಹುದು.

ಈಗ ಆ ಆರು ತಿಂಗಳ ಸಹಿಗೆ ಮರಳುತ್ತೇನೆ. ನನ್ನ ವಾದಕ್ಕೆ ಇಬ್ಬರು ಎದುರು ನಿಲ್ಲುವರೆಂದು ನಾನು ಬಲ್ಲೆ. ಮೊದಲನೆಯವರು, ಯಾವ ದೇಶದ ರಾಜಧಾನಿ ಯಾವುದೆಂದು ಮಾನ್ಯ ಮಾಡುವ ಅಧಿಕಾರ ಅಧ್ಯಕ್ಷನದೇ ಆಗಿರುವಾಗ ಶಾಸನಸಭೆ ಅಲ್ಲಿ ಕೈಹಾಕಬಾರದಿತ್ತು ಎನ್ನುವರು. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ಝಿವೊಟೊಫ್‌ಸ್ಕಿ ಮೊಕದ್ದಮೆಯಲ್ಲಿ, ಯೆರೂಸಲೇಮಿನಲ್ಲಿ ಹುಟ್ಟಿದ ಮಗುವಿನ ರಹದಾರಿಯಲ್ಲಿ ಇಸ್ರೇಲ್ ಎಂದು ಬರೆಯಬೇಕೆಂಬ ಶಾಸನವನ್ನು ರದ್ದುಮಾಡಿ, ಸರಿಸುಮಾರು ಅದನ್ನೇ ಹೇಳಿದೆ. ಅದು ನಿಜವಾಗಿರಬಹುದು; ಹಾಗಾದರೆ ವಿನಾಯಿತಿಯ ಕಲಮು ಎರಡು ಅಂಗಗಳ ಜಗಳ ನ್ಯಾಯಾಲಯಕ್ಕೆ ಹೋಗದಂತೆ ನಡುವೆ ಹಾಸಿದ ಚಾಪೆಯೆಂದಾಯಿತು, ಚಾಪೆಯಿಂದ ಕೆಟ್ಟದ್ದೇನಾಗಲಿಲ್ಲ. ಎರಡನೆಯವರ ಆಕ್ಷೇಪ ಹೆಚ್ಚು ತೀಕ್ಷ್ಣವಾದದ್ದು. ಸಹಿಯು ಕಾಲಕ್ರಮದಲ್ಲಿ ಬಾಯಿಪಾಠದ ಸಂಕಲ್ಪವಾಗುತ್ತದೆ. ಅದೇ ವಾಕ್ಯ, ತಿಥಿವಾರ ಮಾತ್ರ ಬೇರೆ. ಪುರೋಹಿತನ ಮನಸ್ಸು ಎಲ್ಲಿಯೋ ಇರುತ್ತದೆ ಎಂದು ಅವರು ಹೇಳುವರು. ಇದನ್ನು ನಾನು ಅಲ್ಲಗಳೆಯಲಾರೆ. ಆದರೂ ಬಾಯಿಪಾಠದ ಸಂಕಲ್ಪದಲ್ಲಿಯೂ ಮಾಡುವವನು ತನ್ನ ಗೋತ್ರ, ಹೆಸರು ಹೇಳಲೇಬೇಕಾಗುತ್ತದೆ. ಪ್ರತಿ ಜೂನಿನಲ್ಲಿಯೂ ಪ್ರತಿ ಡಿಸೆಂಬರಿನಲ್ಲಿಯೂ ಈ ಬಾರಿ ಸಹಿ ಬೀಳುವುದೇ ಎಂದು ಅಲ್ಲಿಯ ಪತ್ರಿಕೆಗಳು ಕೇಳುತ್ತಿದ್ದವು. ಪರವಾದವರೂ ವಿರುದ್ಧವಾದವರೂ ಆ ದಿನವನ್ನು ಗುರುತಿಟ್ಟುಕೊಂಡು ತಮ್ಮ ವಾದವನ್ನು ಸಜ್ಜುಗೊಳಿಸುತ್ತಿದ್ದರು. ನಲವತ್ತನಾಲ್ಕನೆಯ ತಿದ್ದುಪಡಿಯ ಮೂರನೆಯ ಕಲಮಿಗಾಗಿ ನಮ್ಮಲ್ಲಿ ಯಾವ ತಿಂಗಳು ಯಾರು ಯಾರನ್ನು ಕೇಳಬೇಕು? ಅಲ್ಲಿ ಮುಂದೂಡುವುದಕ್ಕೆ ಕೆಲಸ ಮಾಡಬೇಕಾಗಿತ್ತು. ನಮ್ಮಲ್ಲಿ ಸುಮ್ಮನಿದ್ದರೆ ಸಾಕು. ಶಾಸನವು ಇಂತಿಷ್ಟು ಅವಧಿಯೊಳಗೆ ಜಾರಿಗೆ ಬಾರದಿದ್ದರೆ ಸರಕಾರವು ಕಾರಣವನ್ನು ಬರೆದು ಸಭೆಯ ಮುಂದೆ ಮಂಡಿಸತಕ್ಕದ್ದೆಂಬ ಒಂದು ಸಾಲನ್ನು ಆ ಹಳೆಯ ಸಾಲಿನ ಪಕ್ಕದಲ್ಲಿ ಸೇರಿಸಲು ಮಸಿಯ ಖರ್ಚು ಎಷ್ಟಾದೀತು?

ಇಂಥ ಮಲಗಿದ ಕಲಮೊಂದು ನನ್ನ ಸ್ವಂತ ಜೀವಿತದಲ್ಲಿಯೂ ಬಂದುಹೋಯಿತು. 1961ರ ವಕೀಲರ ಅಧಿನಿಯಮದ ಮೂವತ್ತನೆಯ ಕಲಮು, ಸಾಕ್ಷ್ಯ ತೆಗೆದುಕೊಳ್ಳುವ ಯಾವುದೇ ನ್ಯಾಯಮಂಡಳಿಯ ಮುಂದೆಯೂ ವಕೀಲನು ಹಕ್ಕಿನಿಂದ ನಿಂತು ವಾದಿಸಬಹುದೆಂದು ಹೇಳುತ್ತದೆ. ಅದಕ್ಕೆ ದಿನವನ್ನಿಡುವುದನ್ನು ವಿಚಾರಮಾಡಿರೆಂದು ಸರ್ವೋಚ್ಚ ನ್ಯಾಯಾಲಯವು 1988ರಲ್ಲಿ ಸರಕಾರಕ್ಕೆ ಆರು ತಿಂಗಳ ಅವಧಿ ಕೊಟ್ಟಿತು. ದಿನ ಬಂದದ್ದು 2011ರ ಜೂನ್ 15ರಂದು. ಅಷ್ಟು ಹೊತ್ತಿಗೆ ನನ್ನ ಕಪ್ಪು ಕೋಟು ಗೋಡೆಯ ಮೊಳೆಗೆ ಏರಿಯಾಗಿತ್ತು. ಇತ್ತ 1974ರ ತಿದ್ದುಪಡಿಯು ಗೇಣಿದಾರರ ಅರ್ಜಿಗಳನ್ನು ತೀರ್ಮಾನಿಸಲು ತಾಲೂಕುಗಳಲ್ಲಿ ಭೂನ್ಯಾಯಮಂಡಳಿಗಳನ್ನು ಹುಟ್ಟಿಸಿ, ಅವುಗಳ ಮುಂದೆ ವಕೀಲರು ಹಾಜರಾಗಕೂಡದೆಂದು ನಲವತ್ತೆಂಟನೆಯ ಕಲಮಿನಲ್ಲಿ ಕಟ್ಟಪ್ಪಣೆ ಮಾಡಿತ್ತು. ಬಡವನ ಎದುರು ಶ್ರೀಮಂತನ ವಕೀಲ ಬಂದು ನಿಲ್ಲಬಾರದೆಂಬ ಆ ಉದ್ದೇಶವನ್ನು ನಾನು ಗೌರವಿಸುತ್ತೇನೆ. ಆದರೆ ಹೊಸದಾಗಿ ಸನದು ಪಡೆದ ತರುಣನಿಗೆ ಕಚೇರಿಯ ಹೊರಗೆ ಮಾವಿನ ಮರದ ಕೆಳಗೆ ನಿಂತು ಕಕ್ಷಿದಾರನ ಕಿವಿಯಲ್ಲಿ ಹೇಳಬೇಕಾದುದನ್ನೆಲ್ಲ ಹೇಳಿ ಒಳಗೆ ಕಳಿಸುವುದಕ್ಕಿಂತ ಬೇರೆ ದಾರಿಯಿರಲಿಲ್ಲ.

ಹಾಗೆ ಒಳಗೆ ಕಳಿಸಿದವರಲ್ಲಿ ಒಬ್ಬ ಮುದುಕನನ್ನು ನಾನು ಮರೆತಿಲ್ಲ. ಏಳನೆಯ ನಮೂನೆಯ ಅರ್ಜಿಯ ಜೊತೆಗೆ ಅವನು ಹಳೆಯ ಕಾಗದಗಳನ್ನೆಲ್ಲ ಒಣಗಿದ ಅಡಿಕೆಯ ಹಾಳೆಯಲ್ಲಿ ಸುತ್ತಿ, ಬಾಳೆಯ ನಾರಿನಿಂದ ಬಿಗಿದು ತಂದಿದ್ದನು. ಬಿಚ್ಚಿ ನೋಡಿದರೆ ಹೊಗೆಯಟ್ಟದ ವಾಸನೆ. ಒಳಗೆ ಮುಂಬಯಿ ಸರಕಾರದ ಕಾಲದಿಂದ ಅವನ ಅಪ್ಪನೂ ಅವನೂ ಕೊಟ್ಟ ಗೇಣಿಯ ಪಾವತಿಗಳು, ವರ್ಷದ ಮೇಲೆ ವರ್ಷ ಜೋಡಿಸಿಟ್ಟದ್ದು. 1958ರ ವರೆಗಿನ ಪಾವತಿಗಳಲ್ಲಿ ತೋಟ ಮತ್ತು ಗದ್ದೆ ಎರಡೂ ಕಾಣುತ್ತಿದ್ದವು. ಮುಂದಿನವುಗಳಲ್ಲಿ ಗದ್ದೆ ಮಾತ್ರ. ತೋಟ ಎಲ್ಲಿ ಹೋಯಿತೆಂದು ಕೇಳಿದೆ. ಒಡೆಯರು ಕೇಳಿದರು, ಬಿಟ್ಟುಕೊಟ್ಟೆವು ಎಂದನು. ಒಳಗೆ ಮಂಡಳಿಯವರು ಅವನ ಹಾಳೆಯ ಕಟ್ಟನ್ನು ಬಿಚ್ಚಿಸಲೂ ಇಲ್ಲ. ಅವರಿಗೆ ಬೇಕಾಗಿದ್ದುದು 1974ರ ಮಾರ್ಚ್ 1ರಂದು ಜಮೀನು ಯಾರ ಸಾಗುವಳಿಯಲ್ಲಿತ್ತೆಂಬ ಒಂದೇ ಮಾತು. ಗದ್ದೆ ಅವನ ಹೆಸರಿಗೆ ಆಯಿತು. ಕಾಲು ಗಂಟೆಯಲ್ಲಿ ಹೊರಗೆ ಬಂದವನು ಮರದ ಬುಡದಲ್ಲಿ ಕುಳಿತು, ಕಾಗದಗಳನ್ನು ಮತ್ತೆ ಅದೇ ಹಾಳೆಯಲ್ಲಿ ಸುತ್ತತೊಡಗಿದನು. ನಾನು, ಕಾನೂನು ಬಲ್ಲವನೆಂಬ ಹೊಸ ಉತ್ಸಾಹದಿಂದ, ಮುಂಬಯಿಯಲ್ಲೇ ಉಳಿದಿದ್ದರೆ 1957ರ ಏಪ್ರಿಲ್ 1ಕ್ಕೇ ತೋಟವೂ ಅವನದಾಗಬಹುದಿತ್ತೆಂದು ವಿವರಿಸಿದೆ. ಹೇಳಬಾರದಿತ್ತೇನೋ.

ಅವನು ನಾರನ್ನು ಹಲ್ಲಿನಿಂದ ಬಿಗಿಹಿಡಿದು ಗಂಟು ಹಾಕುತ್ತಿದ್ದವನು ತಲೆಯೆತ್ತಿ, “ಹಂಗಾರೆ ಆ ಐವತ್ತೇಳ್ನೇ ಇಸ್ವಿ ತಾರೀಕು ಯಾರ ಹತ್ರ ಉಳೀತು, ವಕೀಲ್ರೇ?” ಎಂದು ಕೇಳಿದನು. ಉತ್ತರಕ್ಕೆ ಕಾಯದೆ ಕಟ್ಟನ್ನು ಕಂಬಳಿಯ ಕೊಪ್ಪೆಯೊಳಗೆ ಇಟ್ಟುಕೊಂಡು, ನಾಲ್ಕು ಗಂಟೆಯ ಬಸ್ಸಿಗೆ ಹೊತ್ತಾಯಿತೆಂದು ಎದ್ದನು.